ಹಾತಿಮರ ಕಿವುಡು

ಏಳನೇ ಇಯತ್ತೆಯವರೆಗೆ ನಾವು ಓದಿದ್ದು ಉರ್ದು ಶಾಲೆಯಲ್ಲಿ, ಅಲ್ಲಿಂದ ಮುಂದೆ ಕನ್ನಡ ಶಾಲೆಯಲ್ಲಿ. ಇವೆರಡಕ್ಕೂ ಮೊದಲು, ನಸುಕಿನ ನಮಾಝ್ ಮುಗಿದ ಮೇಲೆ, ಮಸೀದಿಯ ಚಾಪೆಯ ಮೇಲೆ ಮಕ್ತಬ್ ನಡೆಯುತ್ತಿತ್ತು. ದೆಹಲಿಯ ಮುಫ್ತಿ ಕಿಫಾಯತುಲ್ಲಾ ಅವರು ಮಕ್ಕಳಿಗಾಗಿ ಪ್ರಶ್ನೋತ್ತರ ರೂಪದಲ್ಲಿ ಬರೆದ ‘ತಾಲೀಮುಲ್ ಇಸ್ಲಾಮ್’ ನಮ್ಮ ಪಠ್ಯ. ಹಜ್ರತರು ಪ್ರಶ್ನೆ ಓದುವುದು, ನಾವು ಒಕ್ಕೊರಲಿನಿಂದ ಉತ್ತರ ಕೂಗುವುದು. ವುಝೂ ಯಾವ ಯಾವ ಕಾರಣದಿಂದ ಮುರಿಯುತ್ತದೆ ಎಂಬ ಪಾಠ ಬಂದ ದಿನ ಮಾತ್ರ ನಮ್ಮ ದನಿ ಎರಡನೇ ಕಾರಣದ ಹೊತ್ತಿಗೆ ಸಣ್ಣದಾಗಿ, ಅಡಗಿಯೇ ಹೋಯಿತು. ‘ರೀಹ್’, ಅಂದರೆ ಗಾಳಿ, ಎಂದು ಹೇಳಬೇಕಿತ್ತು. ಹಿಂದಿನ ಸಾಲಿನ ಒಬ್ಬ ಬಾಯಿಂದಲೇ ಅದರ ಸದ್ದು ಮಾಡಿ ತೋರಿಸಿದ. ಇಡೀ ಮಕ್ತಬ್ ಕಿಸಕ್ಕನೆ ನಕ್ಕಿತು. ಹಜ್ರತರ ಕೈ ಬೆತ್ತದ ಕಡೆ ಹೋಗುವುದನ್ನೇ ನಾವು ಕಾಯುತ್ತಿದ್ದೆವು. ಅವರು ಕನ್ನಡಕದ ಮೇಲಿಂದ ನಮ್ಮನ್ನು ನೋಡಿ, “ಹಂಸೊ ನಕೊ. ಬಾದಶಾಹ್‌ಕೊ ಭೀ ಹೋತಾ, ಫಕೀರ್‌ಕೊ ಭೀ ಹೋತಾ” ಎಂದರು. ನಗಬೇಡಿ, ಬಾದಶಹನಿಗೂ ಆಗುತ್ತದೆ, ಫಕೀರನಿಗೂ ಆಗುತ್ತದೆ. ಪಾಠ ಮುಂದುವರಿಯಿತು.

ಕನ್ನಡ ಶಾಲೆಗೆ ಹೋದ ಮೇಲೆ ಇದೇ ವಿಷಯ ಗಣಿತವಾಗಿ ಎದುರಾಯಿತು. ಕಿರುಬೆರಳು ಎತ್ತಿದರೆ ಒಂದಕ್ಕೆ, ಎರಡು ಬೆರಳು ಎತ್ತಿದರೆ ಎರಡಕ್ಕೆ. ಎರಡು ಬೆರಳು ಎತ್ತಿದವನತ್ತ ತರಗತಿಯೆಲ್ಲ ತಿರುಗಿ ನೋಡುತ್ತಿತ್ತಾದ್ದರಿಂದ ಎರಡರ ತುರ್ತಿದ್ದವನೂ ಒಂದೇ ಬೆರಳು ಎತ್ತಿ ಓಡುತ್ತಿದ್ದ. ಆತ ಬಹಳ ಹೊತ್ತಿನ ಮೇಲೆ ಮರಳಿದಾಗ ಮಾಸ್ತರರು ಏನೂ ಕೇಳುತ್ತಿರಲಿಲ್ಲ. ನಮ್ಮ ನೆನಪಿನಲ್ಲಿ ಹಜ್ರತರ ಮಾತೂ ಮಾಸ್ತರರ ಮೌನವೂ ಅಕ್ಕಪಕ್ಕದಲ್ಲೇ ಉಳಿದಿವೆ. ಮನುಷ್ಯನ ದೇಹ ಅವನ ಅಪ್ಪಣೆ ಕೇಳದೆ ಮಾಡುವ ಕೆಲಸಗಳ ಬಗ್ಗೆ ನಮ್ಮ ಪೂರ್ವಿಕರು ಹೇಗೆ ಮಾತಾಡಿದರು, ಯಾವಾಗ ನಕ್ಕರು, ಯಾವಾಗ ಸುಮ್ಮನಾದರು ಎಂಬುದಕ್ಕೆ ಒಂದು ಚರಿತ್ರೆ ಇದೆ. ಅದನ್ನು ಬರೆಯಲು ಹೊರಟಾಗ ಗೆಳೆಯರೊಬ್ಬರು, “ಬೇರೆ ವಿಷಯ ಸಿಗಲಿಲ್ಲವೇನ್ರಿ?” ಎಂದರು. ಈ ಪ್ರಶ್ನೆಯೂ ಆ ಚರಿತ್ರೆಯ ಭಾಗವೇ ಆಗಿದೆ.

ಹೆಸರು ಬದಲಿಸುವ ಆಟ

ಮೊದಲಿಗೆ ಪದಗಳನ್ನೇ ನೋಡೋಣ. ಪವಿತ್ರ ಕುರ್‌ಆನಿನಲ್ಲಿ ಶುದ್ಧಿಯ ಆದೇಶಗಳಿರುವ ಕಡೆ ‘ಗಾಇತ್’ ಎಂಬ ಪದ ಬರುತ್ತದೆ. ಅದರ ಮೂಲ ಅರ್ಥ ತಗ್ಗು ನೆಲ. ಮರುಭೂಮಿಯ ಜನ ಕಣ್ಣಿಗೆ ಬೀಳದಂತೆ ತಗ್ಗಿಗೆ ಇಳಿದು ಹೋಗುತ್ತಿದ್ದರು. ಹೋಗುವ ಜಾಗದ ಹೆಸರೇ ಕ್ರಿಯೆಯ ಹೆಸರಾಯಿತು. ನಮ್ಮ ಕನ್ನಡದ ‘ಬಹಿರ್ದೆಸೆ’ ಎಂದರೆ ಹೊರಗಿನ ದಿಕ್ಕು. ‘ಬಯಲ ಕಡೆ’, ‘ಕೆರೆ ಕಡೆ’ ಎಂಬವೂ ದಿಕ್ಕು ತೋರಿಸಿ ಸುಮ್ಮನಾಗುತ್ತವೆ. ಅರೇಬಿಯಾದ ತಗ್ಗಿಗೂ ನಮ್ಮೂರಿನ ಕೆರೆದಂಡೆಗೂ ಯಾವ ಸಂಪರ್ಕವೂ ಇಲ್ಲದಿದ್ದರೂ ಎರಡೂ ಕಡೆಯ ನಾಲಿಗೆ ಒಂದೇ ಉಪಾಯ ಕಂಡುಕೊಂಡಿತು.

ಮನೆಯೊಳಗೆ ಜಾಗ ಮಾಡಿಕೊಂಡ ಮೇಲೆ ಬೇರೆ ಉಪಾಯ ಬೇಕಾಯಿತು. ಫಾರ್ಸಿಯ ‘ಪಾಯಖಾನಾ’ ಎಂದರೆ ಪಾದದ ಕೋಣೆ. ‘ಪೇಶಾಬ್’ ಎಂದರೆ ಮುಂದಿನ ನೀರು. ಅರಬ್ಬಿಯ ‘ಬೈತುಲ್ ಖಲಾ’ ಎಂದರೆ ಖಾಲಿ ಮನೆ, ಏಕಾಂತದ ಮನೆ. ಸಂಸ್ಕೃತದ ‘ಶೌಚ’ ಎಂದರೆ ಶುದ್ಧಿ; ಹೊಲಸು ಕಳೆಯುವ ಜಾಗಕ್ಕೆ ನಾವು ಶುದ್ಧಿಯ ಆಲಯ ಎಂದು ಹೆಸರಿಟ್ಟಿದ್ದೇವೆ. ಇಷ್ಟಾದರೂ ನಾಲಿಗೆಗೆ ಸಮಾಧಾನವಿಲ್ಲ. ಕನ್ನಡಿಗರು ಬಳಸುವ ‘ಕಕ್ಕಸು’ ಡಚ್ಚರಿಂದ ಬಂದ ಪದವೆನ್ನುತ್ತಾರೆ. ಉತ್ತರ ಕರ್ನಾಟಕದ ‘ಸಂಡಾಸು’ ಮರಾಠಿ, ಹಿಂದೂಸ್ತಾನಿಗಳ ಹಾದಿಯಲ್ಲಿ ಬಂತು. ಈಗಿನ ‘ಟಾಯ್ಲೆಟ್’ ಫ್ರೆಂಚರ ಒಂದು ಸಣ್ಣ ಬಟ್ಟೆಯ ತುಂಡಿನಿಂದ ಹುಟ್ಟಿದ್ದು. ಒಂದು ಭಾಷೆಯ ಸಭ್ಯ ಪದ ಹತ್ತಿಪ್ಪತ್ತು ವರ್ಷ ಬಳಕೆಯಾಗುವಷ್ಟರಲ್ಲಿ ಅದಕ್ಕೂ ವಾಸನೆ ಅಂಟುತ್ತದೆ. ಆಗ ನೆರೆಯವರ ಭಾಷೆಯಿಂದ ಇನ್ನೊಂದು ಪದ ಕಡ ತರುತ್ತೇವೆ.

ನಮ್ಮ ದಖ್ಖನಿ ಮನೆಗಳಲ್ಲಿ ಗಾಳಿಯ ವಿಷಯಕ್ಕೂ ಒಂದು ಸುಂದರ ಮಾತಿದೆ. ‘ವುಝೂ ಗಯಾ’, ಅಂದರೆ ವುಝೂ ಹೋಯಿತು. ಅಜ್ಜ ಹಾಗೆಂದು ಎದ್ದು ಬಚ್ಚಲ ಕಡೆ ನಡೆದರೆ ಮೊಮ್ಮಕ್ಕಳು ದಿಂಬಿನಲ್ಲಿ ಮುಖ ಹುದುಗಿಸಿ ನಗುತ್ತಿದ್ದವು. ಅಜ್ಜ ಹೇಳಿದ್ದು ಧಾರ್ಮಿಕ ಸತ್ಯ. ಮಕ್ಕಳಿಗೆ ಕೇಳಿಸಿದ್ದು ಅದರ ಹಿಂದಿನ ಕಾರಣ. ಇಂಥ ಮುಸುಕಿನ ಮಾತುಗಳಿಗಾಗಿಯೇ ನೀಶಾಪುರದ ವಿದ್ವಾಂಸ ಅಸ್ಸಆಲಿಬಿ (961–1038) ಒಂದು ಇಡೀ ಗ್ರಂಥ ಬರೆದರು. ಹೇಳಬಾರದ್ದನ್ನು ಹೇಳುವ ಬಗೆ ಅರಬ್ಬಿಯಲ್ಲಿ ಅಷ್ಟರ ಮಟ್ಟಿಗೆ ಒಂದು ಶಾಸ್ತ್ರವಾಗಿತ್ತು.

ನಗುವವರ ಸಾಲು

ಮುಸುಕು ಹಾಕುವ ವಿದ್ವಾಂಸರ ಜೊತೆಯಲ್ಲೇ ಮುಸುಕು ಎಳೆಯುವವರೂ ಇದ್ದರು. ಅರಬ್ಬಿ ವ್ಯಾಕರಣಕ್ಕೆ ಅಡಿಗಲ್ಲು ಹಾಕಿದವರೆಂದು ಹೆಸರಾದ ಅಬುಲ್ ಅಸ್ವದ್ ಅದ್ದುಅಲಿ ಅವರ ಬಗ್ಗೆ ಹಳೆಯ ಅದಬ್ ಗ್ರಂಥಗಳಲ್ಲಿ ಒಂದು ಕತೆಯಿದೆ. 661ರಿಂದ 680ರವರೆಗೆ ಆಳಿದ ಮುಆವಿಯಾರ ಆಸ್ಥಾನದಲ್ಲಿ ವೃದ್ಧ ಅಬುಲ್ ಅಸ್ವದರಿಂದ ಸದ್ದೊಂದು ಹೊರಟಿತು. ದಯವಿಟ್ಟು ಇದನ್ನು ಯಾರಿಗೂ ಹೇಳಬೇಡಿ ಎಂದು ಅವರು ಕೇಳಿಕೊಂಡರು. ಮುಆವಿಯಾ ಒಪ್ಪಿದರು. ಅಬುಲ್ ಅಸ್ವದರು ಹೊರಗೆ ಹೋದದ್ದೇ ತಡ, ಒಳಗೆ ಬಂದ ಅಮ್ರ್ ಬಿನ್ ಆಸ್ ಅವರಿಗೆ ಸುದ್ದಿ ಹೋಯಿತು. ಅಮ್ರ್ ಅದನ್ನೇ ಎತ್ತಿ ಕೆಣಕಿದಾಗ ಅಬುಲ್ ಅಸ್ವದರು ನೇರವಾಗಿ ಖಲೀಫರ ಬಳಿ ಹೋದರು. ಒಂದು ಹೂಸಿನ ಗುಟ್ಟನ್ನು ಕಾಪಾಡಲಾರದವರನ್ನು ಇಡೀ ಸಮುದಾಯದ ವ್ಯವಹಾರಕ್ಕೆ ನಂಬುವುದು ಹೇಗೆ ಎಂಬುದು ಅವರ ಪ್ರಶ್ನೆಯ ಸಾರಾಂಶ. ಕತೆ ನಡೆದದ್ದೋ ಕಟ್ಟಿದ್ದೋ, ಅದರೊಳಗಿನ ರಾಜಕೀಯ ಮಾತ್ರ ನಿಜವಾದದ್ದು. ಸಣ್ಣ ಮನುಷ್ಯನ ಸಣ್ಣ ಮಾನವನ್ನು ದೊಡ್ಡವರು ಹೇಗೆ ನಡೆಸಿಕೊಳ್ಳುತ್ತಾರೆ ಎನ್ನುವುದರ ಮೇಲೆ ಅವರ ದೊಡ್ಡತನವನ್ನು ಅಳೆಯಬಹುದು.

ಬಸ್ರಾದ ಜಾಹಿಝ್ ಒಂಬತ್ತನೇ ಶತಮಾನದ ಅರಬ್ಬಿ ಗದ್ಯದ ದೊರೆ. ಅವರ ‘ಕಿತಾಬುಲ್ ಹಯವಾನ್’ ಎಂಬ ಪ್ರಾಣಿಗ್ರಂಥದಲ್ಲಿ ಸಗಣಿ ಹುಳಕ್ಕೂ ಮರ್ಯಾದೆಯ ಸ್ಥಾನವಿದೆ. ದೇಹದ ಮಾತು ಕಿವಿಗೆ ಬಿದ್ದೊಡನೆ ಮುಖ ಸಿಂಡರಿಸುವವರ ಭಕ್ತಿ ಬಹುತೇಕ ತೋರಿಕೆಯದು ಎಂದು ಅವರಿಗೆ ಅನ್ನಿಸಿತ್ತು. ಅವರ ನಂತರದ ಪೀಳಿಗೆಯ ಇಬ್ನ್ ಕುತೈಬಾ (828–889) ಧರ್ಮಶಾಸ್ತ್ರ ಬಲ್ಲ ಗಂಭೀರ ಪಂಡಿತರು. ಅವರೂ ‘ಉಯೂನುಲ್ ಅಖ್ಬಾರ್’ ಗ್ರಂಥದ ಮುನ್ನುಡಿಯಲ್ಲಿ ಓದುಗನಿಗೆ ಎಚ್ಚರಿಕೆ ಕೊಡುತ್ತಾರೆ. ಅಂಗಾಂಗದ ಹೆಸರು ಕಂಡು ಮುಖ ತಿರುಗಿಸಬೇಡ. ಅಂಗವನ್ನು ಹೆಸರಿಸುವುದರಲ್ಲಿ ಪಾಪವಿಲ್ಲ, ಪಾಪವಿರುವುದು ಇನ್ನೊಬ್ಬರ ಮಾನ ಕಳೆಯುವುದರಲ್ಲಿ, ಸುಳ್ಳು ಹೇಳುವುದರಲ್ಲಿ, ಬೆನ್ನ ಹಿಂದೆ ಆಡಿಕೊಳ್ಳುವುದರಲ್ಲಿ ಎಂಬುದು ಅವರ ವಾದ.

ಶಿರಾಝಿನ ಸಅದಿ 1258ರಲ್ಲಿ ‘ಗುಲಿಸ್ತಾನ್’ ಬರೆದರು. ಶತಮಾನಗಳ ಕಾಲ ಹಿಂದೂಸ್ತಾನದಲ್ಲಿ ಫಾರ್ಸಿ ಕಲಿಯುವ ಮಕ್ಕಳಿಗೆ, ಅವರು ಹಿಂದೂಗಳಿರಲಿ ಮುಸ್ಲಿಮರಿರಲಿ, ಅದು ಪಠ್ಯಪುಸ್ತಕವಾಗಿತ್ತು. ಅದರ ಎರಡನೇ ಅಧ್ಯಾಯ ದರವೇಶಿಗಳ ನಡತೆಯನ್ನು ಕುರಿತದ್ದು. ಅಲ್ಲೊಂದು ಪುಟ್ಟ ಪ್ರಸಂಗವಿದೆ. ದೊಡ್ಡ ಮನುಷ್ಯರೊಬ್ಬರ ಹೊಟ್ಟೆಯಲ್ಲಿ ಗಾಳಿ ತಿರುಗಲಾರಂಭಿಸಿ, ತಡೆಯಲಾಗದೆ ಹೊರಬರುತ್ತದೆ. ಅವರು ನಾಚಿ ತಲೆತಗ್ಗಿಸುವುದಿಲ್ಲ. ಗೆಳೆಯರೇ, ಇದು ನನ್ನ ಕೈಯಲ್ಲಿರಲಿಲ್ಲ, ನನ್ನ ಲೆಕ್ಕಕ್ಕೆ ಪಾಪವೂ ಸೇರಲಿಲ್ಲ, ಹೊಟ್ಟೆಗಂತೂ ನೆಮ್ಮದಿಯಾಯಿತು, ನೀವೂ ದೊಡ್ಡ ಮನಸ್ಸಿನಿಂದ ಮನ್ನಿಸಿ ಎನ್ನುತ್ತಾರೆ. ನೀತಿಯ ಪುಸ್ತಕದಲ್ಲಿ, ಸಂತರ ಅಧ್ಯಾಯದಲ್ಲಿ, ಮಕ್ಕಳ ಕೈಗೆ ಸಅದಿ ಇದನ್ನು ಕೊಟ್ಟರು. ಮುಂದಿನ ಶತಮಾನದ ಉಬೈದ್ ಝಾಕಾನಿಯಂತೂ ಇಂಥ ಚುಟುಕು ಹಾಸ್ಯಗಳಿಂದಲೇ ಖಾಜಿಗಳ, ಅಮೀರರ ಗಾಂಭೀರ್ಯದ ಪೇಟ ಉದುರಿಸಿದ.

ಇವೆಲ್ಲವನ್ನು ಓದುವಾಗ ನಮಗೆ ಕಾಣುವುದೊಂದು ನಿಯಮ. ಉತ್ತಮ ಹಾಸ್ಯಗಾರ ನಗುವುದು ದೇಹವೇ ಇಲ್ಲದವನಂತೆ ನಟಿಸುವವನನ್ನು ಕಂಡು. ಕೀಳು ಹಾಸ್ಯಗಾರ ನಗುವುದು ತಡೆಯಲಾರದೆ ಹೋದ ಬಡಪಾಯಿಯನ್ನು ಕಂಡು.

ಮೂಗು ಹಿಡಿದು ಹೊರನಡೆಯುವುದು

ಈ ನಿಯಮ ಹಾಸ್ಯಗಾರರಿಗಿಂತ ಮೊದಲೇ ಹದೀಸ್‌ಗಳಲ್ಲಿದೆ. ನಿಮ್ಮ ಪ್ರವಾದಿ ನಿಮಗೆ ಮಲವಿಸರ್ಜನೆಯನ್ನೂ ಕಲಿಸುತ್ತಾರಂತಲ್ಲ ಎಂದು ವಿರೋಧಿಗಳು ಗೇಲಿ ಮಾಡಿದಾಗ ಹಝ್ರತ್ ಸಲ್ಮಾನ್ ಫಾರಿಸಿ(ರ) ಸಿಟ್ಟಾಗಲಿಲ್ಲ. ಹೌದು, ಕಲಿಸಿದ್ದಾರೆ ಎಂದು ಏನೇನು ಕಲಿಸಿದ್ದಾರೆಂಬುದನ್ನು ಒಂದೊಂದಾಗಿ ಹೇಳಿದರು. ಹಳ್ಳಿಗನೊಬ್ಬ ಮದೀನದ ಮಸೀದಿಯೊಳಗೇ ಮೂತ್ರಕ್ಕೆ ಕೂತಾಗ ಜನ ಅವನ ಮೇಲೆ ಏರಿ ಹೋದರು. ಅವನನ್ನು ಬಿಟ್ಟುಬಿಡಿ, ಆಮೇಲೆ ಅಲ್ಲಿ ಒಂದು ಬಕೆಟ್ ನೀರು ಸುರಿಯಿರಿ ಎಂದರು ಪ್ರವಾದಿ(ಸ).

ಬುಖಾರಿ ಮತ್ತು ಮುಸ್ಲಿಮ್ ಎರಡೂ ಗ್ರಂಥಗಳಲ್ಲಿ ದಾಖಲಾಗಿರುವ ಒಂದು ಪ್ರವಚನ ಇನ್ನೂ ಗಮನಾರ್ಹವಾದದ್ದು. ಅದರಲ್ಲಿ ಪ್ರವಾದಿ(ಸ) ಹಗಲು ಹೆಂಡತಿಯನ್ನು ಗುಲಾಮರಂತೆ ಹೊಡೆದು ರಾತ್ರಿ ಅವಳ ಬಳಿಗೇ ಹೋಗುವ ಗಂಡಸರನ್ನು ಖಂಡಿಸುತ್ತಾರೆ. ಅದೇ ಉಸಿರಿನಲ್ಲಿ, ಇನ್ನೊಬ್ಬರ ಗಾಳಿ ಹೋದಾಗ ನಗುವವರನ್ನೂ ಎಚ್ಚರಿಸುತ್ತಾರೆ: ತಾನೂ ಮಾಡುವುದಕ್ಕೆ ಒಬ್ಬ ಯಾಕೆ ನಗಬೇಕು? ಹೆಂಡತಿಯ ಮೇಲೆ ಎತ್ತಿದ ಕೈ, ಸಭೆಯಲ್ಲಿ ಎದ್ದ ನಗು, ಎರಡೂ ಒಂದೇ ಪ್ರವಚನದಲ್ಲಿ ಅಕ್ಕಪಕ್ಕ ಬಂದಿವೆ. ನಮ್ಮ ಮಕ್ತಬಿನ ಹಜ್ರತರ ಬೆತ್ತ ಆ ದಿನ ಮೇಲೇಳದಿದ್ದುದರ ಕಾರಣ ನಮಗೆ ತಿಳಿದದ್ದು ಈ ಹದೀಸ್ ಓದಿದಾಗ.

ಅಬೂ ದಾವೂದರ ಸಂಗ್ರಹದಲ್ಲಿ ಹಝ್ರತ್ ಆಯಿಶಾ(ರ) ಅವರಿಂದ ಬಂದ ಇನ್ನೊಂದು ಮಾತಿದೆ. ಸಾಮೂಹಿಕ ನಮಾಝಿನ ನಡುವೆ ಒಬ್ಬರ ವುಝೂ ಮುರಿದರೆ ಅವರು ಮೂಗು ಹಿಡಿದುಕೊಂಡು ಹೊರನಡೆಯಬೇಕು. ಮೂಗು ಏಕೆ? ನೋಡಿದವರು ಪಾಪ, ಮೂಗಿನಿಂದ ರಕ್ತ ಬಂದಿರಬೇಕು ಅಂದುಕೊಳ್ಳಲಿ ಎಂದು. ಹತ್ತನೇ ಶತಮಾನದ ವ್ಯಾಖ್ಯಾನಕಾರ ಖತ್ತಾಬಿ ಇದನ್ನು ಸುಳ್ಳೆಂದು ಕರೆಯುವಂತಿಲ್ಲ ಎನ್ನುತ್ತಾರೆ; ಇದು ಮುಜುಗರವನ್ನು ಮುಚ್ಚುವ ಸಭ್ಯತೆ. ಭುಜಕ್ಕೆ ಭುಜ ತಾಗಿಸಿ ನಿಂತ ಸಾಲಿನಿಂದ ಒಬ್ಬ ಮನುಷ್ಯ ತಲೆ ತಗ್ಗಿಸದೆ ಹೊರಗೆ ಹೋಗಲು ಮಾಡಿಕೊಟ್ಟ ದಾರಿ ಇದು.

ಇದೇ ದಾರಿಯಲ್ಲಿ ಅತಿ ದೂರ ನಡೆದವರು ಬಲ್ಖಿನ ಸೂಫಿ ಹಾತಿಮ್ ಅಲ್ ಅಸಮ್ಮ್. ಹಿಜರಿ 237ರಲ್ಲಿ, ಅಂದರೆ ಕ್ರಿ.ಶ. 851–52ರ ಸುಮಾರಿಗೆ ತೀರಿಕೊಂಡವರು. ‘ಅಸಮ್ಮ್’ ಎಂದರೆ ಕಿವುಡ. ಆದರೆ ಅವರು ಕಿವುಡರಾಗಿರಲಿಲ್ಲ. ಈ ಹೆಸರು ಬಂದ ಬಗೆಯನ್ನು ಹನ್ನೊಂದನೇ ಶತಮಾನದ ಕುಶೈರಿ ತಮ್ಮ ‘ರಿಸಾಲಾ’ದಲ್ಲಿ ಗುರುಗಳಿಂದ ಕೇಳಿದಂತೆ ದಾಖಲಿಸಿದ್ದಾರೆ. ಒಬ್ಬ ಹೆಂಗಸು ಹಾತಿಮರ ಬಳಿಗೆ ಏನೋ ಪ್ರಶ್ನೆ ಕೇಳಲು ಬಂದಳು. ಕೇಳುವ ಹೊತ್ತಿಗೇ ಅವಳಿಂದ ಸದ್ದು ಹೊರಟಿತು. ಅವಳು ನಾಚಿಕೆಯಿಂದ ಕುಗ್ಗಿದಳು. ಹಾತಿಮರು ಕಿವಿಯತ್ತ ಕೈ ಮಾಡಿ, ಗಟ್ಟಿಯಾಗಿ ಹೇಳಮ್ಮ, ಕೇಳಿಸುತ್ತಿಲ್ಲ ಎಂದರು. ಅವಳ ಮುಖ ಅರಳಿತು. ಇವರಿಗೆ ಕಿವಿಯೇ ಕೇಳಿಸದು, ಹಾಗಾದರೆ ಅದೂ ಕೇಳಿಸಿಲ್ಲ! ಅವಳು ದನಿ ಎತ್ತರಿಸಿ ಪ್ರಶ್ನೆ ಕೇಳಿದಳು, ಉತ್ತರ ಪಡೆದಳು, ಹೋದಳು. ಹಾತಿಮರಿಗೆ ಕಿವುಡ ಎಂಬ ಹೆಸರು ನಿಂತಿತು. ಅವಳು ಬದುಕಿರುವ ತನಕ ಅವರು ಕಿವುಡನ ವೇಷ ಬಿಡಲಿಲ್ಲವೆಂದು ಫರೀದುದ್ದೀನ್ ಅತ್ತಾರರ ಸಂತಚರಿತ್ರೆ ಸೇರಿಸುತ್ತದೆ. ಪವಾಡಗಳಿಂದ ತುಂಬಿದ ಆ ಗ್ರಂಥದಲ್ಲಿ ನೀರ ಮೇಲೆ ನಡೆದವರಿದ್ದಾರೆ, ಗಾಳಿಯಲ್ಲಿ ಹಾರಿದವರಿದ್ದಾರೆ. ನಮಗೆ ಅವೆಲ್ಲಕ್ಕಿಂತ ದೊಡ್ಡ ಪವಾಡವಾಗಿ ಕಾಣುವುದು ಈ ಕಿವುಡು.

ಮರೆಯಲಾರದ ಊರು

ಹಾತಿಮರ ಕತೆಯ ಎದುರಿಗೆ ಇಡಬಹುದಾದ ಇನ್ನೊಂದು ಕತೆ ಲೋಕಪ್ರಸಿದ್ಧವಾಗಿದೆ. 1885ರಲ್ಲಿ ರಿಚರ್ಡ್ ಬರ್ಟನ್ ಪ್ರಕಟಿಸಲಾರಂಭಿಸಿದ ಇಂಗ್ಲಿಷ್ ‘ಅರೇಬಿಯನ್ ನೈಟ್ಸ್’ನಲ್ಲಿ ಯಮನ್ ದೇಶದ ಅಬೂ ಹಸನ್ ಎಂಬ ಶ್ರೀಮಂತನಿದ್ದಾನೆ. ತನ್ನ ಮದುವೆಯ ದಿನ, ಹೊಟ್ಟೆ ತುಂಬ ಉಂಡು, ವಧುವಿನ ಕೋಣೆಗೆ ಹೋಗಲು ಏಳುವಾಗ ಭಯಂಕರ ಸದ್ದು ಬಿಡುತ್ತಾನೆ. ಅತಿಥಿಗಳು ಕೇಳಿಸದವರಂತೆ ಗಟ್ಟಿಯಾಗಿ ಮಾತಾಡತೊಡಗುತ್ತಾರೆ. ಆದರೂ ತಾಳಲಾರದೆ ಅವನು ಹಿತ್ತಲಿನಿಂದ ಕುದುರೆ ಏರಿ, ಹಡಗು ಹತ್ತಿ ಹಿಂದೂಸ್ತಾನದ ಪಶ್ಚಿಮ ಕರಾವಳಿಗೆ ಓಡಿ ಬರುತ್ತಾನೆ. ಹತ್ತು ವರ್ಷ ಪರದೇಶದಲ್ಲಿದ್ದು, ಊರಿನ ಹಂಬಲ ತಡೆಯಲಾರದೆ ಫಕೀರನ ವೇಷದಲ್ಲಿ ಮರಳುತ್ತಾನೆ. ಊರಂಚಿನ ಗುಡಿಸಲಿನಲ್ಲಿ ಒಬ್ಬ ಹುಡುಗಿ ತಾಯಿಯನ್ನು, ನಾನು ಹುಟ್ಟಿದ್ದು ಯಾವಾಗ ಎಂದು ಕೇಳುತ್ತಿರುವುದು ಅವನ ಕಿವಿಗೆ ಬೀಳುತ್ತದೆ. ಅಬೂ ಹಸನ್ ಹೂಸು ಬಿಟ್ಟ ರಾತ್ರಿಯೇ ನೀನು ಹುಟ್ಟಿದೆ ಮಗಳೇ ಎನ್ನುತ್ತಾಳೆ ತಾಯಿ. ತನ್ನ ಹೂಸು ಈಗ ಪಂಚಾಂಗದ ತಾರೀಖಾಗಿದೆ ಎಂದು ತಿಳಿದ ಅಬೂ ಹಸನ್ ಮತ್ತೆ ಓಡಿ ಹೋಗಿ, ಸಾಯುವ ತನಕ ಹಿಂದಿರುಗುವುದಿಲ್ಲ.

‘ಸಾವಿರದೊಂದು ರಾತ್ರಿ’ಯ ಅರಬ್ಬಿ ಹಸ್ತಪ್ರತಿಗಳಲ್ಲಿ ಈ ಕತೆ ಕಾಣಿಸುವುದಿಲ್ಲ, ಬರ್ಟನ್ ಬೇರೆಲ್ಲಿಂದಲೋ ತಂದು ಸೇರಿಸಿದ್ದು ಎಂದು ಸಂಶೋಧಕರು ಹೇಳುತ್ತಾರೆ. ಇದನ್ನು ಹೋಲುವ ಹರಟೆಯೊಂದು ಇಂಗ್ಲೆಂಡಿನಲ್ಲೇ ಇತ್ತು. ಹದಿನೇಳನೇ ಶತಮಾನದ ಜಾನ್ ಆಬ್ರಿ ಬರೆದಿಟ್ಟಂತೆ, ಆಕ್ಸ್‌ಫರ್ಡಿನ ಅರ್ಲ್ ಎಡ್ವರ್ಡ್ ಡಿ ವೇರ್ ಒಂದನೇ ಎಲಿಝಬೆತ್ ರಾಣಿಗೆ ಬಾಗಿ ವಂದಿಸುವಾಗ ಸದ್ದಾಯಿತು. ನಾಚಿದ ಆತ ಏಳು ವರ್ಷ ದೇಶಾಂತರ ಹೋದ. ಮರಳಿ ಬಂದಾಗ ರಾಣಿ ಅವನನ್ನು ಸ್ವಾಗತಿಸಿ, ಆ ಸದ್ದನ್ನು ತಾನು ಮರೆತಿದ್ದೇನೆ ಎಂದಳು. ಮರೆತೆ ಎಂದು ಬಾಯಿಬಿಟ್ಟು ಹೇಳಿದ್ದರಲ್ಲೇ ಮರೆತಿಲ್ಲವೆಂಬ ಗುಟ್ಟು ರಟ್ಟಾಯಿತು. ಹಾತಿಮರು ಮರೆತೆ ಎಂದು ಹೇಳಲಿಲ್ಲ. ನಡೆದೇ ಇಲ್ಲವೆನ್ನುವಂತೆ ಬದುಕಿದರು.

ಸಂಡಾಸಿನ ಕವಿ, ಸುಧಾರಕರ ಕವಿ

ಉರ್ದುವಿಗೆ ಬಂದರೆ ಚಿತ್ರ ಬದಲಾಗುತ್ತದೆ. ಔರಂಗಝೇಬನ ಕಾಲದ ಮೀರ್ ಜಾಫರ್ ಝಟಲ್ಲಿ ಬೈಗುಳವನ್ನೂ ಹೊಲಸನ್ನೂ ಬಳಸಿಯೇ ಕುಸಿಯುತ್ತಿದ್ದ ಮೊಗಲ್ ಆಡಳಿತವನ್ನು ವಿಡಂಬಿಸಿದ. ಬಾದಶಹ ಫರ್ರುಖ್‌ಸಿಯರನ ನಾಣ್ಯದ ಮೇಲಿನ ಪದ್ಯವನ್ನು ಅಣಕಿಸಿದ್ದಕ್ಕೆ 1713ರಲ್ಲಿ ಅವನ ತಲೆ ಹೋಯಿತೆಂಬುದು ಪ್ರತೀತಿ. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಲಖನೌ ಸೀಮೆಯಲ್ಲಿದ್ದ ಶೇಖ್ ಬಾಕರ್ ಅಲಿ ತನ್ನ ಕಾವ್ಯನಾಮವನ್ನೇ ‘ಚಿರ್ಕೀನ್’, ಅಂದರೆ ಹೊಲಸು, ಎಂದಿಟ್ಟುಕೊಂಡ. ಗಝಲಿನ ನಿಯಮಗಳನ್ನೆಲ್ಲ ಚಾಚೂ ತಪ್ಪದೆ ಪಾಲಿಸುತ್ತ, ವಿರಹಿಯ ಕಣ್ಣೀರಿನ ಜಾಗದಲ್ಲಿ ಮಲಮೂತ್ರಗಳನ್ನು ತಂದಿರಿಸಿದ. ಉರ್ದು ಮನೆತನಗಳಲ್ಲಿ ಚಿರ್ಕೀನನ ಹೆಸರು ಕೇಳದ ಗಂಡಸರು ಕಡಿಮೆ, ಓದಿದ್ದೇನೆಂದು ಒಪ್ಪುವವರು ಇನ್ನೂ ಕಡಿಮೆ. ನಮ್ಮ ಕಾಲದ ದೊಡ್ಡ ವಿಮರ್ಶಕ ಶಂಸುರ್ರಹಮಾನ್ ಫಾರೂಕಿ (1935–2020) ಅವನ ಮೇಲೆ ಗಂಭೀರವಾಗಿ ಬರೆದಾಗ ಹಲವರು ಹುಬ್ಬೇರಿಸಿದರು.

1857ರ ಸೋಲಿನ ಬಳಿಕ ಉರ್ದು ಲೇಖಕರಿಗೆ ತಮ್ಮ ಮನೆಯೆಲ್ಲ ಕೊಳಕಾಗಿ ಕಾಣತೊಡಗಿತು. ಆಳುವ ಇಂಗ್ಲಿಷರ ಕಣ್ಣಿನಿಂದ ತಮ್ಮ ಸಾಹಿತ್ಯವನ್ನು ನೋಡಿಕೊಂಡು ಅದನ್ನು ತೊಳೆಯಲು ನಿಂತರು. ಅವರಲ್ಲಿ ಮೊದಲಿಗರಾದ ಅಲ್ತಾಫ್ ಹುಸೇನ್ ಹಾಲಿ 1879ರಲ್ಲಿ ಪ್ರಕಟಿಸಿದ ‘ಮುಸದ್ದಸ್’ನಲ್ಲಿ ಹಳೆಯ ಕಾವ್ಯರಾಶಿಯನ್ನು ದುರ್ವಾಸನೆಯಲ್ಲಿ ಸಂಡಾಸಿಗಿಂತ ಕೀಳು ಎಂದು ಬೈದರು. ತಮಾಷೆಯೆಂದರೆ, ಹೊಲಸನ್ನು ಹೊರಗಟ್ಟಲು ಹಾಲಿಯವರಿಗೂ ಸಂಡಾಸ್ ಎಂಬ ಪದವೇ ಬೇಕಾಯಿತು. ಹಾಲಿ ಸಜ್ಜನರು, ಅವರ ಕಳಕಳಿ ನಿಜವಾದದ್ದು. ಆದರೆ ಅವರ ನಂತರದ ಶಾಲಾ ಪುಸ್ತಕಗಳಲ್ಲಿ ನಮಗೆ ದೇಹವೇ ಕಾಣಿಸಲಿಲ್ಲ. ಸಅದಿಯ ದೊಡ್ಡ ಮನುಷ್ಯನಿಗೆ ಗಾಳಿಯಾಗುತ್ತಿತ್ತು. ನಮ್ಮ ಉರ್ದು ರೀಡರಿನ ದೊಡ್ಡ ಮನುಷ್ಯರಿಗೆ ಹೊಟ್ಟೆಯೇ ಇರಲಿಲ್ಲ.

ಹಲಾಲ್‌ಖೋರ್

ಇಷ್ಟು ಹೊತ್ತು ನಾವು ನಗುತ್ತ ಬಂದದ್ದು ನಮ್ಮ ದೇಹದಿಂದ ಹೊರಬೀಳುವ ತನಕದ ಕತೆಗೆ. ಅದರ ನಂತರದ ಕತೆಗೆ ನಗು ಬರುವುದಿಲ್ಲ. ಅದನ್ನು ಎತ್ತುವವರಿಗೆ ನಾವು ಏನೆಂದು ಹೆಸರಿಟ್ಟೆವು? ಅಬುಲ್ ಫಝಲನ ‘ಆಈನೆ ಅಕ್ಬರಿ’ಯಲ್ಲಿ, ಝಾಡು ಹೊಡೆಯುವವರಿಗೆ ‘ಹಲಾಲ್‌ಖೋರ್’ ಎಂಬ ಹೆಸರನ್ನು ಬಳಕೆಗೆ ತಂದವನು ಅಕ್ಬರನೇ ಎಂದಿದೆ. ಧರ್ಮಸಮ್ಮತ ದುಡಿಮೆಯ ಅನ್ನ ತಿನ್ನುವವನು ಎಂದರ್ಥ. ಇನ್ನೊಂದು ಹೆಸರು ‘ಮೆಹ್ತರ್’; ಫಾರ್ಸಿಯಲ್ಲಿ ಅದಕ್ಕೆ ಹಿರಿಯ, ಒಡೆಯ ಎಂದರ್ಥ. ಹೆಸರಿನಲ್ಲಿ ಒಡೆಯ, ಕೈಯಲ್ಲಿ ಮಲದ ಬುಟ್ಟಿ. ಪಾಯಖಾನೆಗೆ ಆದದ್ದೇ ಇಲ್ಲೂ ಆಯಿತು. ನಾಲ್ಕು ತಲೆಮಾರು ಕಳೆಯುವಷ್ಟರಲ್ಲಿ ಆ ಗೌರವದ ಪದಗಳೇ ಬೈಗುಳಗಳಾದವು. ಸಮಾನತೆಯ ಬಗ್ಗೆ ಪುಟಗಟ್ಟಲೆ ಬರೆಯುವ ನಮ್ಮ ಸಮಾಜದ ಷರೀಫರ ಮನೆಗಳೂ ಹಲಾಲ್‌ಖೋರನ ಮಗನಿಗೆ ಹೆಣ್ಣು ಕೊಡಲಿಲ್ಲ ಎಂಬುದನ್ನು ಮರೆಮಾಚಬೇಕಿಲ್ಲ.

1970ರ ದಶಕದಲ್ಲಿ ದೇವರಾಜ ಅರಸು ಸಂಪುಟದ ಪೌರಾಡಳಿತ ಸಚಿವ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವುದನ್ನು ಕರ್ನಾಟಕದಲ್ಲಿ ನಿಷೇಧಿಸಿದರು. ಆದರೂ ಕೋಲಾರದ ಚಿನ್ನದ ಗಣಿ ಕಾಲೊನಿಗಳಲ್ಲಿ ಬಕೆಟ್ಟು ಪೊರಕೆಗಳ ಕೆಲಸ ನಿಲ್ಲಲಿಲ್ಲ. ಅಲ್ಲಿಯೇ 1966ರಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ತಮ್ಮ ಜನ ಮಾಡುತ್ತಿದ್ದ ಕೆಲಸವನ್ನು ಕಣ್ಣಾರೆ ಕಂಡು ಹೋರಾಟಕ್ಕಿಳಿದರು. 2016ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1993ರಲ್ಲಿ ಒಂದು ಕೇಂದ್ರ ಕಾನೂನು, 2013ರಲ್ಲಿ ಇನ್ನೊಂದು. ಒಳಚರಂಡಿಯಲ್ಲಿ ಸತ್ತವರ ಕುಟುಂಬಕ್ಕೆ 10 ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು, 2023ರಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಮೊತ್ತ ಏರಿಸಬೇಕಾಗಿ ಬಂತು ಎಂಬುದೇ ಸಾವು ನಿಂತಿಲ್ಲವೆಂಬುದರ ಸಾಕ್ಷಿ.

2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದ ಕೆಲವರು, ತಾವು ವಾಸವಿದ್ದ ಜಾಗದಿಂದ ತಮ್ಮನ್ನು ಎಬ್ಬಿಸುವುದನ್ನು ವಿರೋಧಿಸಿ, ಬಹಿರಂಗವಾಗಿ ಮೈಮೇಲೆ ಮಲ ಸುರಿದುಕೊಂಡರು. ನವಾಬರ ಊರು ಅದು, ನಯವಾದ ಮಾತಿಗೆ ಹೆಸರಾದ ಊರು. ಯಾವುದನ್ನು ಹೆಸರಿಸಲು ನಾವು ಐದು ಭಾಷೆಗಳಿಂದ ಪದ ಕಡ ತಂದಿದ್ದೆವೋ ಅದನ್ನೇ ಅವರು ನಡು ಹಗಲಿನಲ್ಲಿ ನಮ್ಮ ಕಣ್ಣೆದುರಿಗೆ ತಂದಿಟ್ಟರು. ಆಮೇಲೆಯೇ ಅಧಿಕಾರಿಗಳು, ಪತ್ರಿಕೆಗಳು, ಮಠಾಧೀಶರು ಸವಣೂರಿನ ಕಡೆ ನೋಡಿದ್ದು. ಮೂಗು ಮುಚ್ಚಿಕೊಂಡ ಸಮಾಜದ ಕಿವಿಯೂ ಮುಚ್ಚಿಹೋಗಿತ್ತು. ಇದು ಹಾತಿಮರ ಕಿವುಡಲ್ಲ.

ಗಟ್ಟಿಯಾಗಿ ಹೇಳಮ್ಮ

ಎರಡು ಬಗೆಯ ಕಿವುಡಿನ ವ್ಯತ್ಯಾಸ ನಮಗೆ ಮನೆಯಲ್ಲೇ ಅರಿವಾಯಿತು. ನಮ್ಮ ಖಾಲಾ ಒಬ್ಬರಿದ್ದರು. ಬಾಯಿ ತುಂಬ ಮಾತು, ಮದುವೆ ಮನೆಗಳಲ್ಲಿ ಅವರ ಪೋಲಿ ಹಾಡಿಲ್ಲದೆ ಅರಿಶಿಣದ ಶಾಸ್ತ್ರ ಮುಗಿಯುತ್ತಿರಲಿಲ್ಲ. ಇನ್ನೊಬ್ಬರ ಹೂಸಿನ ಕತೆ ಹೇಳಿ ಇಡೀ ಹೆಂಗಸರ ಕೋಣೆಯನ್ನು ನಗಿಸಬಲ್ಲವರು. ಅಂಥವರಿಗೆ ಶೌಚದಲ್ಲಿ ರಕ್ತ ಹೋಗಲಾರಂಭಿಸಿದಾಗ ಎರಡು ವರ್ಷ ಯಾರಿಗೂ ಹೇಳಲಿಲ್ಲ. ವೈದ್ಯರ ಬಳಿ ಕರೆದೊಯ್ದಾಗಲೂ “ಹೊಟ್ಟೆನೋವು” ಎಂದಷ್ಟೇ ಅಂದರು. ಎದುರಿಗೆ ಗಂಡಸು ವೈದ್ಯರು, ಪಕ್ಕದಲ್ಲಿ ದೊಡ್ಡ ಮಗ. ಹೊಟ್ಟೆನೋವಿನ ಗುಳಿಗೆ ಬರೆದುಕೊಟ್ಟರು, ಕಡೆಗೆ ತಿಳಿಯುವ ಹೊತ್ತಿಗೆ ರೋಗ ಕೈಮೀರಿತ್ತು. ಅವರು ಹೋದ ಮೇಲೆ ಟ್ರಂಕು ತೆರೆದಾಗ, ಮದುವೆಯಲ್ಲಿ ತವರಿನಿಂದ ತಂದ ‘ಬಿಹಿಶ್ತೀ ಝೇವರ್’ ರೇಷ್ಮೆ ಬಟ್ಟೆಯಲ್ಲಿ ಸುತ್ತಿದ್ದು ಸಿಕ್ಕಿತು. ಮೌಲಾನಾ ಅಶ್ರಫ್ ಅಲೀ ಥಾನವಿ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಹೆಣ್ಣುಮಕ್ಕಳಿಗಾಗಿ ಬರೆದ ಆ ಉರ್ದು ಪುಸ್ತಕದಲ್ಲಿ ಮುಟ್ಟು, ಬಾಣಂತನ, ಶುದ್ಧಿಯ ವಿಷಯಗಳೆಲ್ಲ ಮುಚ್ಚುಮರೆಯಿಲ್ಲದೆ ಇವೆ, ಔಷಧಿಗಳ ಭಾಗವೂ ಇದೆ. ಓದಿದ್ದರು ಖಾಲಾ, ಪುಟಗಳು ಸವೆದಿದ್ದವು. ಓದಿದ್ದನ್ನು ಬಾಯಿಬಿಟ್ಟು ಹೇಳಲು ಮಾತ್ರ ಅವರಿಗೆ ಒಂದು ಕಿವಿ ಸಿಗಲಿಲ್ಲ. ಮಗನ ಕಿವಿಯೂ ಸಿಗಲಿಲ್ಲ. ಮಗ ಅಂದರೆ ನಮ್ಮ ತಲೆಮಾರಿನವರೇ.

ಹಝ್ರತ್ ಆಯಿಶಾ(ರ) ಅನ್ಸಾರಿ ಸ್ತ್ರೀಯರನ್ನು ಮೆಚ್ಚಿ ಹೇಳಿದ ಮಾತು ಸಹೀಹ್ ಮುಸ್ಲಿಮ್‌ನಲ್ಲಿದೆ. ಧರ್ಮವನ್ನು ತಿಳಿಯಲು ಅವರಿಗೆ ನಾಚಿಕೆ ಅಡ್ಡಬರಲಿಲ್ಲ ಎಂಬುದು ಆ ಮೆಚ್ಚುಗೆ. ಅವರಲ್ಲೊಬ್ಬರಾದ ಉಮ್ಮು ಸುಲೈಮ್(ರ), ಅಲ್ಲಾಹನು ಸತ್ಯಕ್ಕೆ ನಾಚುವುದಿಲ್ಲ ಎಂಬ ಪೀಠಿಕೆಯೊಂದಿಗೆ ಹೆಣ್ಣಿನ ದೇಹದ ಬಗ್ಗೆ ನೇರ ಪ್ರಶ್ನೆ ಕೇಳಿದರು. ಪಕ್ಕದಲ್ಲಿದ್ದ ಉಮ್ಮು ಸಲಮಾ(ರ) ಮುಖ ಮುಚ್ಚಿಕೊಂಡರು. ಪ್ರಶ್ನೆಗೆ ಉತ್ತರವಂತೂ ಸಿಕ್ಕಿತು. ಹಝ್ರತ್ ಅಲೀ(ರ) ಅಂಥ ಧೀರರಿಗೇ ಒಂದು ದೈಹಿಕ ತೊಂದರೆಯ ಬಗ್ಗೆ ಮಾವನೂ ಆಗಿದ್ದ ಪ್ರವಾದಿಯನ್ನು(ಸ) ಕೇಳಲು ನಾಚಿಕೆಯಾಗಿ, ಗೆಳೆಯ ಮಿಕ್ದಾದರ(ರ) ಮೂಲಕ ಕೇಳಿಸಿದರು. ನೇರವಾಗಿ ಕೇಳಿದ ಹೆಂಗಸಿಗೂ, ಬೇರೆಯವರ ಬಾಯಿಂದ ಕೇಳಿಸಿದ ಗಂಡಸಿಗೂ ಅಲ್ಲಿ ಜಾಗವಿತ್ತು. ಕನ್ನಡದಲ್ಲಿ ಇಂಥ ಜಾಗ ಮಾಡಿಕೊಟ್ಟವರು ವೈದ್ಯೆ ಮತ್ತು ಕಾದಂಬರಿಗಾರ್ತಿ ಅನುಪಮಾ ನಿರಂಜನ (1934–1991). ಹದಿಹರೆಯದ ಹುಡುಗಿಯರಿಗಾಗಿ ಅವರು ಬರೆದ ಪುಸ್ತಕದ ಹೆಸರು ‘ಕೇಳು ಕಿಶೋರಿ’. ಎಷ್ಟೋ ಮನೆಗಳಲ್ಲಿ ತಾಯಿ ಹೇಳಲಾರದ್ದನ್ನು ಆ ಪುಸ್ತಕ ಹೇಳಿತು.

ಈಗ ಹಾತಿಮರ ಕತೆಯನ್ನು ಇನ್ನೊಮ್ಮೆ ಓದಿದಾಗ ನಮಗೆ ಮೊದಲು ಕಾಣದ್ದೊಂದು ಕಾಣುತ್ತಿದೆ. ಅವರು ಕೇಳಿಸದಂತೆ ನಟಿಸಿದ್ದು ಸದ್ದನ್ನು. ಅವಳ ಪ್ರಶ್ನೆಯನ್ನು ಅವರು ಕೇಳಿಸಿಕೊಂಡರು, ಗಟ್ಟಿಯಾಗಿ ಹೇಳಮ್ಮ ಎಂದು ಅವಳಿಂದ ಎರಡನೇ ಸಲ ಹೇಳಿಸಿ ಕೇಳಿಸಿಕೊಂಡರು. ನಮ್ಮ ಖಾಲಾ ಆ ದಿನ “ಹೊಟ್ಟೆನೋವು” ಎಂದು ಪಿಸುಗುಟ್ಟಿದಾಗ ಮಗನನ್ನು ಹೊರಗೆ ಕಳಿಸಿ, ಒಬ್ಬ ನರ್ಸಮ್ಮನನ್ನು ಪಕ್ಕಕ್ಕೆ ಕೂರಿಸಿ, ಇನ್ನೊಂದು ಸಲ ಕೇಳಿದ್ದರೆ ಸಾಕಿತ್ತು.